ಹನ್ನೊಂದು ಅಕ್ಷರಗಳ ಹಕ್ಕುಪತ್ರ

ಆ ವರ್ಷ ನಮ್ಮ ಕಂಟೇನರ್‌ಗೆ ಹಡಗು ತಪ್ಪಿದ್ದು ಒಂದು ಮದುವೆಯಿಂದ. ಮದುವೆ ನಮ್ಮ ಕಚೇರಿಯಲ್ಲಿ ಡಿಸ್‌ಪ್ಯಾಚ್ ನೋಡಿಕೊಳ್ಳುವ ಅಕ್ಕನ ತಂಗಿಯದು, ಅರಸೀಕೆರೆಯಲ್ಲಿ. ಅಕ್ಕ ನಾಲ್ಕು ದಿನ ರಜೆ ಹಾಕಿ, ಮೇಜಿನ ಮೇಲಿನ ಕಾಗದಗಳನ್ನೆಲ್ಲ ಒಪ್ಪವಾಗಿ ಜೋಡಿಸಿ, ಕಂಪ್ಯೂಟರ್ ಆರಿಸಿ ಹೋಗಿದ್ದರು. ಅವರು ಹೋದ ಎರಡನೆಯ ದಿನ ಬಂದರಿನ ಏಜೆಂಟರಿಂದ ಇಮೇಲ್ ಬಂತು: ಮಂಗಳೂರಿನಲ್ಲಿ ಕಂಟೇನರ್ ಒಳಗೆ ಬಿಡುವ ಗಡುವನ್ನು ಒಂದು ದಿನ ಮುಂಚಿತಗೊಳಿಸಿದ್ದಾರೆ, ಬೇಗ ಕಳಿಸಿ. ಪತ್ರ ಬಂದದ್ದೇನೋ ನಿಜ. ಬಂದು ನಮ್ಮ ಸರ್ವರ್‌ನಲ್ಲಿ ಕುಳಿತಿತ್ತು, ಅಕ್ಕನ ಕಂಪ್ಯೂಟರ್ ಬಂದು ತನ್ನನ್ನು ಎತ್ತಿಕೊಳ್ಳಲಿ ಎಂದು ಕಾಯುತ್ತ. 320 ಚೀಲ ಕಾಫಿ ನಮ್ಮ ಅಂಗಳದಲ್ಲೇ ಟ್ರೈಲರ್ ಮೇಲೆ ನಿಂತಿತ್ತು. ವಿಷಯ ಗೊತ್ತಾಗುವ ಹೊತ್ತಿಗೆ ಚಾಲಕ ಶಿರಾಡಿ ಘಾಟಿ ಇಳಿದರೂ ಪ್ರಯೋಜನವಿರಲಿಲ್ಲ.

ನಮ್ಮದು ಹಾಸನದ ಬದಿಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ತೋಟಗಳಿಂದ ಬರುವ ಪಾರ್ಚ್‌ಮೆಂಟ್ (ತೆಳು ಸಿಪ್ಪೆಯೊಳಗಿನ ಒಣ ಬೀಜ) ಮತ್ತು ಚೆರ್ರಿಯ (ಹಾಗೆಯೇ ಒಣಗಿಸಿದ ಹಣ್ಣು) ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಗ್ರೇಡ್ ಮಾಡಿ ಚೀಲಕ್ಕೆ ತುಂಬುವ ಜಾಗ. ಕಾರ್ಖಾನೆಯ ಕಡೆ ಜನ ಬಹಳ, ಕಚೇರಿಯಲ್ಲಿ ಒಂಬತ್ತೇ ಮಂದಿ. ನಾನು ಸೇರಿದ್ದು ಲೆಕ್ಕ ಬರೆಯಲು. ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಕಾಗದವನ್ನು ಒಮ್ಮೆ ಬಿಡಿಸಿಕೊಟ್ಟ ತಪ್ಪಿಗೆ ಅಂದಿನಿಂದ ಕಂಪ್ಯೂಟರ್‌ಗಳೂ ನನ್ನ ತಲೆಗೇ ಬಂದವು. ಅವುಗಳ ಜೊತೆಗೆ, ಒಳಕೋಣೆಯಲ್ಲಿ ಹಳೆಯ ತೂಕದ ಯಂತ್ರದ ಪಕ್ಕ ಗುಂಯ್‌ಗುಡುತ್ತ ಕೂತಿರುವ ಇಮೇಲ್ ಸರ್ವರ್ ಕೂಡ. ಅದರಲ್ಲಿ ಇರುವುದು ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ. ಪತ್ರ ಸ್ವೀಕರಿಸಿ ಕಳಿಸುವುದಕ್ಕೆ ಪೋಸ್ಟ್‌ಫಿಕ್ಸ್, ಪೆಟ್ಟಿಗೆಗಳಲ್ಲಿ ಇಟ್ಟು ಓದಲು ಕೊಡುವುದಕ್ಕೆ ಡವ್‌ಕಾಟ್. ಡವ್‌ಕಾಟ್ ಎಂದರೆ ಪಾರಿವಾಳದ ಗೂಡು. ಹೆಸರಿಟ್ಟ ಫಿನ್ಲೆಂಡಿನ ಟಿಮೊ ಸಿರೈನೆನ್‌ಗೆ ಓಲೆ ಒಯ್ಯುವ ಪಾರಿವಾಳ ಮನಸ್ಸಿನಲ್ಲಿತ್ತೋ ಇಲ್ಲವೋ, ನನಗಂತೂ ಪ್ರತಿ ಸಲ ಆ ಹೆಸರು ಟೈಪ್ ಮಾಡುವಾಗ ಅದೇ ನೆನಪಾಗುತ್ತದೆ.

ಹಡಗು ತಪ್ಪಿದ ಮಾರನೆಯ ದಿನ ಯಜಮಾನರು ನನ್ನನ್ನು ಕರೆದರು. ಬೈಯಲಿಲ್ಲ. "ಡಿಸ್‌ಪ್ಯಾಚ್ ಪತ್ರ ಎಲ್ಲರಿಗೂ ಕಾಣುವ ಹಾಗೆ ಮಾಡಪ್ಪ. ಒಬ್ಬರು ಮದುವೆಗೆ ಹೋದರೆ ಕಂಪನಿ ನಿಲ್ಲಬಾರದು" ಎಂದಷ್ಟೇ ಹೇಳಿದರು. "ಆಗಲಿ ಸಾರ್, ನಾಳೆ ಸಂಜೆಯೊಳಗೆ" ಎಂದೆ. ಆ ನಾಳೆ ಸಂಜೆ ಬರಲು ಏಳು ವಾರ ಹಿಡಿಯಿತು.

ಮೊದಲ ಉಪಾಯ ಸೋಮಾರಿಯದು. ಡಿಸ್‌ಪ್ಯಾಚ್ ವಿಳಾಸಕ್ಕೆ ಬಂದ ಪ್ರತಿ ಪತ್ರವೂ ಐದು ಜನರ ಪೆಟ್ಟಿಗೆಗೆ ಹೋಗಲಿ ಎಂದು ಪೋಸ್ಟ್‌ಫಿಕ್ಸ್‌ನಲ್ಲಿ ಒಂದು ಸಾಲು ಬರೆದೆ. ಹತ್ತು ನಿಮಿಷದ ಕೆಲಸ. ಮೂರನೆಯ ದಿನ ಕೊಳ್ಳುವವರೊಬ್ಬರು ಫೋನ್ ಮಾಡಿ, ನಿಮ್ಮ ಕಚೇರಿಯಿಂದ ಒಂದೇ ಗ್ರೇಡಿಗೆ ಎರಡು ದರ ಬಂದಿದೆ, ಕಡಿಮೆಯದನ್ನು ಒಪ್ಪಿಕೊಂಡಿದ್ದೇವೆ ಎಂದರು. ಅದೇ ವಾರ ಸ್ಯಾಂಪಲ್ ಕೇಳಿದ ಇನ್ನೊಂದು ಪತ್ರಕ್ಕೆ ಐವರಲ್ಲಿ ಒಬ್ಬರೂ ಉತ್ತರಿಸಿರಲಿಲ್ಲ. ಉಳಿದ ನಾಲ್ವರಲ್ಲಿ ಯಾರೋ ಬರೆದಿರುತ್ತಾರೆ ಎಂಬುದು ಐವರ ನಂಬಿಕೆ. ಪತ್ರದ ನಕಲು ಹಂಚಿದರೆ ಪತ್ರ ಹಂಚಿದಂತಾಗುವುದಿಲ್ಲ. ಎಲ್ಲರೂ ನೋಡಬೇಕಾದದ್ದು ಒಂದೇ ಪ್ರತಿ, ಒಂದೇ ಜಾಗದಲ್ಲಿ.

ಅದಕ್ಕೆ ಮೊದಲು ಅಕ್ಕನ ಕಂಪ್ಯೂಟರ್‌ನಿಂದ ಪಾಪ್ ತೆಗೆಯಬೇಕಿತ್ತು. ಪಾಪ್ ಎಂಬುದು ಪತ್ರವನ್ನು ಸರ್ವರ್‌ನಿಂದ ಇಳಿಸಿಕೊಂಡು ಅಲ್ಲಿ ಖಾಲಿ ಮಾಡುವ ಹಳೆಯ ಪದ್ಧತಿ. ನಮ್ಮ ಮಟ್ಟಿಗೆ ಹೆಸರಿಗೆ ತಕ್ಕ ಪಾಪವೇ. ಐಮ್ಯಾಪ್‌ನಲ್ಲಾದರೆ ಪತ್ರ ಸರ್ವರ್‌ನಲ್ಲೇ ಉಳಿಯುತ್ತದೆ, ನಾವು ನೋಡುವುದು ಕಿಟಕಿಯಿಂದ. ಹಳೆಯ ಪತ್ರಗಳನ್ನೆಲ್ಲ ಮೇಲಕ್ಕೆ ಎಳೆದು ಹಾಕಲು ಒಂದು ಭಾನುವಾರ ಪೂರ್ತಿ ಬೇಕಾಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ವಿದ್ಯುತ್ ಎರಡು ಸಲ ಹೋಯಿತು ಎನ್ನುವುದನ್ನು ಬಿಟ್ಟರೆ.

ಡವ್‌ಕಾಟ್‌ನಲ್ಲಿ ಹಂಚಿಕೆಗೆ ಎರಡು ದಾರಿ. ಒಂದು, ನನ್ನ ಪೆಟ್ಟಿಗೆಯೊಳಗಿನ ಯಾವುದೋ ಫೋಲ್ಡರನ್ನು ನಿಮಗೂ ತೋರಿಸುವುದು: ನನ್ನ ಬೀರುವಿನ ಒಂದು ಅರೆಯ ಬೀಗದ ಕೈ ನಿಮಗೆ ಕೊಟ್ಟಂತೆ. ಇನ್ನೊಂದು, ಯಾರ ಪೆಟ್ಟಿಗೆಗೂ ಸೇರದ ಸಾರ್ವಜನಿಕ ಜಾಗ: ಹಜಾರದಲ್ಲಿ ಇಟ್ಟ ರ‍್ಯಾಕ್‌ನಂತೆ. ಡಿಸ್‌ಪ್ಯಾಚ್‌ಗೆ ಎರಡನೆಯದೇ ಸರಿ ಅನ್ನಿಸಿತು. ಬೀರು ಅಕ್ಕನದಾದರೆ, ನಾಳೆ ಅವರು ಕೆಲಸ ಬಿಟ್ಟರೆ ಬೀರುವಿನ ಸಮೇತ ಎಲ್ಲವನ್ನೂ ಹೊರಬೇಕು.

ಸರ್ವರ್‌ನ ಡಿಸ್ಕಿನಲ್ಲಿ ರ‍್ಯಾಕ್‌ಗೊಂದು ಜಾಗ ಮಾಡಿದೆ, ಒಳಗೆ ಮೂರು ಫೋಲ್ಡರ್: ಡಿಸ್‌ಪ್ಯಾಚ್, ಸ್ಯಾಂಪಲ್, ವಿಚಾರಣೆ. ಸಂರಚನೆಯ ಕಡತದಲ್ಲಿ ನೇಮ್‌ಸ್ಪೇಸ್ (ಫೋಲ್ಡರುಗಳ ಒಂದು ಗುಂಪು ಎಲ್ಲಿದೆ, ಯಾವ ಬಗೆಯದು ಎಂದು ಹೇಳುವುದು) ಎಂಬ ಖಾನೆ ಬರೆದು, ಬಗೆ ಸಾರ್ವಜನಿಕ ಎಂದು ತುಂಬಿ, ಡವ್‌ಕಾಟ್‌ಗೆ ಮರುಜೀವ ಕೊಟ್ಟೆ. ಜೀವ ಬರಲಿಲ್ಲ. ಎಲ್ಲ ನೇಮ್‌ಸ್ಪೇಸ್‌ಗಳೂ ಒಂದೇ ವಿಭಾಜಕ ಚಿಹ್ನೆ, ಅಂದರೆ ತಾಯಿ ಮತ್ತು ಮರಿ ಫೋಲ್ಡರಿನ ಹೆಸರುಗಳ ನಡುವೆ ಬರುವ ಗುರುತು, ಬಳಸಬೇಕು ಎಂದು ದೂರು. ಹಳೆಯದರಲ್ಲಿ ಚುಕ್ಕೆ ಇತ್ತು, ಹೊಸದರಲ್ಲಿ ನಾನು ಓರೆಗೆರೆ ಬರೆದಿದ್ದೆ. ಚುಕ್ಕೆಗೇ ಎಲ್ಲವನ್ನೂ ಬದಲಿಸಿಬಿಡೋಣ ಎನ್ನಿಸಿತು. ಆದರೆ ಮುಂದೆ ಬೀರುವಿನ ಹಂಚಿಕೆಯೂ ಬೇಕಾದರೆ ಇಮೇಲ್ ವಿಳಾಸಗಳೇ ಫೋಲ್ಡರಿನ ಹೆಸರಾಗುತ್ತವೆ, ವಿಳಾಸದಲ್ಲಿ ಚುಕ್ಕೆ ಇದ್ದೇ ಇರುತ್ತದೆ, ಆಗ ಒಂದು ವಿಳಾಸ ಎರಡು ತುಂಡಾಗಿ ಒಂದರೊಳಗೊಂದು ಫೋಲ್ಡರಾಗಿ ಕಾಣುತ್ತದೆ. ಹಾಗಾಗಿ ಎಲ್ಲ ಕಡೆ ಓರೆಗೆರೆ.

ಈಗ ಡವ್‌ಕಾಟ್ ಎದ್ದಿತು. ಇಮೇಲ್ ಓದಲು ನಾನು ಬಳಸುವ ಥಂಡರ್‌ಬರ್ಡ್‌ ತಂತ್ರಾಂಶದಲ್ಲಿ ಸಾರ್ವಜನಿಕ ಎಂಬ ಹೆಸರು ಬಂತು. ಒಳಗೆ ಮಾತ್ರ ಏನೂ ಇಲ್ಲ. ಮೂರು ಫೋಲ್ಡರ್ ಮಾಡಿದ್ದು ನಿಜ, ಡಿಸ್ಕಿನಲ್ಲಿ ಕಣ್ಣಾರೆ ನೋಡುತ್ತಿದ್ದೇನೆ. ರಾತ್ರಿ ಎಂಟರವರೆಗೆ ತಲೆ ಚಚ್ಚಿಕೊಂಡ ಮೇಲೆ ಹೊಳೆಯಿತು. ಈ ಬಗೆಯ ಜೋಡಣೆಯಲ್ಲಿ ಡಿಸ್ಕಿನ ಮೇಲಿನ ಪ್ರತಿ ಫೋಲ್ಡರಿನ ಹೆಸರೂ ಚುಕ್ಕೆಯಿಂದ ಶುರುವಾಗಬೇಕು. ಹೊರಗೆ ತೋರಿಸುವುದು ಓರೆಗೆರೆ, ಒಳಗೆ ಬರೆಯುವುದು ಚುಕ್ಕೆ. ಒಂದೊಂದು ಚುಕ್ಕೆ ಇಟ್ಟೆ. ಫೋಲ್ಡರ್ ಕಂಡವು. ಕ್ಲಿಕ್ ಮಾಡಿದರೆ ತೆರೆಯಲಿಲ್ಲ.

ಲಾಗ್ ಕಡತ, ಅಂದರೆ ಸರ್ವರ್ ತನ್ನ ಕೆಲಸ ಮತ್ತು ತಪ್ಪುಗಳನ್ನು ಬರೆದಿಡುವ ದಿನಚರಿ, ಓದುವುದನ್ನು ನಾನು ಕಲಿತದ್ದು ಆ ರಾತ್ರಿ. ಅದಕ್ಕೂ ಮೊದಲು ಓದುತ್ತಿದ್ದೆ ಎಂದುಕೊಂಡಿದ್ದೆ, ಅಷ್ಟೆ. ಡವ್‌ಕಾಟ್‌ನ ಲಾಗ್ ನಮ್ಮ ಹಿರಿಯ ಗುಮಾಸ್ತರ ಹಾಗೆ: ಕೇಳಿದ್ದಕ್ಕೆ ಪೂರ್ತಿ ಉತ್ತರ, ಸ್ವಲ್ಪ ಕೊಂಕಿನೊಡನೆ. ಅನುಮತಿ ನಿರಾಕರಿಸಲಾಗಿದೆ, ಬಾಗಿಲು ಬಡಿದವನ ಬಳಕೆದಾರ ಸಂಖ್ಯೆ 5000, ಇಂಥ ಡೈರೆಕ್ಟರಿಯಲ್ಲಿ ಒಳಹೋಗುವ ಅನುಮತಿಯ ಬಿಟ್ ಇಲ್ಲ ಎಂದು ದಾರಿಯ ಸಮೇತ ಬರೆದಿತ್ತು. 5000 ಎಂದರೆ ನಮ್ಮ ಸರ್ವರ್‌ನಲ್ಲಿ ಪತ್ರಗಳೆಲ್ಲದರ ಒಡೆಯನೆಂದು ನಾನೇ ಸೃಷ್ಟಿಸಿದ ಬಳಕೆದಾರ. ಆದರೆ ಫೋಲ್ಡರುಗಳನ್ನು ಮಾಡುವಾಗ ನಾನು ಕೂತಿದ್ದು ರೂಟ್ ಎಂಬ ಸರ್ವಾಧಿಕಾರಿಯ ಕುರ್ಚಿಯಲ್ಲಿ. ರ‍್ಯಾಕ್ ಹಜಾರದಲ್ಲಿಟ್ಟು ಅದಕ್ಕೆ ನನ್ನ ಬೀಗವನ್ನೇ ಜಡಿದಿದ್ದೆ. ಒಡೆತನ ಬದಲಿಸುವ ಒಂದು ಆಜ್ಞೆ, ಬಾಗಿಲು ತೆರೆಯಿತು. ಮನೆಗೆ ಹೋದಾಗ ಅನ್ನ ತಣ್ಣಗಾಗಿತ್ತು.

ಇಷ್ಟರವರೆಗೆ ಯಂತ್ರದ ಜೊತೆ ಜಗಳ. ಇಲ್ಲಿಂದ ಮುಂದೆ ಮನುಷ್ಯರ ಜೊತೆ.

ಯಾರು ಏನು ಮಾಡಬಹುದು ಎಂಬುದನ್ನು ಐಮ್ಯಾಪ್‌ನಲ್ಲಿ ಅಕ್ಷರಗಳಲ್ಲಿ ಬರೆಯುತ್ತಾರೆ. ಈಗ ಚಾಲ್ತಿಯಲ್ಲಿರುವ ಪಟ್ಟಿ 2005ರದು, ಅದರಲ್ಲಿ ಹನ್ನೊಂದು ಅಕ್ಷರ. ಎಲ್ ಇದ್ದರೆ ಫೋಲ್ಡರ್ ಕಣ್ಣಿಗೆ ಕಾಣುತ್ತದೆ, ಆರ್ ಇದ್ದರೆ ಒಳಗಿನದನ್ನು ಓದಬಹುದು. ಎಸ್ ಇದ್ದರೆ ಓದಿದ ಗುರುತು ಉಳಿಯುತ್ತದೆ. ಡಬ್ಲ್ಯೂ ಉಳಿದ ಗುರುತುಗಳಿಗೆ, ಐ ಪತ್ರ ತಂದು ಹಾಕುವುದಕ್ಕೆ, ಪಿ ಹೊರಗಿನಿಂದ ಬಂದ ಪತ್ರ ನೇರವಾಗಿ ಬಂದು ಬೀಳುವುದಕ್ಕೆ. ಕೆ ಒಳಗೆ ಹೊಸ ಫೋಲ್ಡರ್ ಮಾಡುವುದು, ಎಕ್ಸ್ ಫೋಲ್ಡರನ್ನೇ ಅಳಿಸುವುದು. ಟಿ ಮತ್ತು ಇ ಬಗ್ಗೆ ಆಮೇಲೆ ಹೇಳುತ್ತೇನೆ, ಅವು ಸುಲಭದವಲ್ಲ. ಕೊನೆಯದು ಎ: ಉಳಿದವರಿಗೆ ಈ ಅಕ್ಷರಗಳನ್ನು ಹಂಚುವ ಹಕ್ಕು.

ಒಂದು ಹಾಳೆಯ ಮೇಲೆ ಮೇಲಿಂದ ಕೆಳಗೆ ಒಂಬತ್ತು ಜನರ ಹೆಸರು, ಅಡ್ಡಕ್ಕೆ ಹನ್ನೊಂದು ಅಕ್ಷರ ಬರೆದು ಯಜಮಾನರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಇದೇನಪ್ಪ, ತಾಲ್ಲೂಕು ಕಚೇರಿಯ ಪಹಣಿ ಇದ್ದ ಹಾಗಿದೆ" ಎಂದರು. ಪಹಣಿಯೇ ಸರಿ. ಈ ಕಚೇರಿಯಲ್ಲಿ ಯಾರ ಪತ್ರ ಯಾರು ನೋಡಬಹುದು ಎಂದು ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೇ ನಡೆಯುತ್ತಿತ್ತು. ಸರ್ವರ್‌ಗೆ ಮಾತ್ರ ಹೇಳದೆ ನಡೆಯುವುದಿಲ್ಲ. ಮಾರಾಟ ನೋಡುವ ಹುಡುಗ ತೋಟದವರ ಔಟ್‌ಟರ್ನ್ ವರದಿ ನೋಡಬಹುದೇ? ಎಷ್ಟು ಪಾರ್ಚ್‌ಮೆಂಟಿಗೆ ಎಷ್ಟು ಶುದ್ಧ ಕಾಫಿ ಇಳಿಯಿತು ಎಂಬುದು ಆ ಬೆಳೆಗಾರನ ಗುಟ್ಟು. ದರದ ಪತ್ರ ಗೋದಾಮಿನ ಮೇಲ್ವಿಚಾರಕರಿಗೆ ಬೇಕೇ? ಯಜಮಾನರು ಒಂದೊಂದು ಚೌಕಕ್ಕೂ ಪೆನ್ಸಿಲ್ ಹಿಡಿದು ಯೋಚಿಸಿದರು, ಎರಡು ಸಲ ಚಹಾ ತರಿಸಿದರು, ಮೂರು ಕಡೆ ರಬ್ಬರ್ ಹಾಕಿದರು. ಎ ಅಕ್ಷರದ ಕೆಳಗೆ ಮೊದಲು ತಮ್ಮ ಹೆಸರಿಗೆ ಗುರುತು ಹಾಕಿ, ಆಮೇಲೆ ಅಳಿಸಿ, "ಇದೆಲ್ಲ ನನಗೆ ಬೇಡ, ನೀನೇ ಇಟ್ಟುಕೋ" ಎಂದರು.

ಟಿ ಮತ್ತು ಇ. ಐಮ್ಯಾಪ್‌ನಲ್ಲಿ ಪತ್ರ ಅಳಿಸುವುದು ಎರಡು ಹಂತದ ಕೆಲಸ. ಮೊದಲು ಪತ್ರಕ್ಕೆ ಅಳಿಸಬೇಕಾದದ್ದು ಎಂಬ ಗುರುತು ಬೀಳುತ್ತದೆ, ಅದು ಟಿ. ಗುರುತು ಬಿದ್ದವುಗಳನ್ನು ನಿಜವಾಗಿ ಗುಡಿಸಿ ಹಾಕುವುದು ಇನ್ನೊಂದು, ಅದು ಇ. ಯಜಮಾನರ ಪ್ರಕಾರ ಯಾರೂ ಏನನ್ನೂ ಅಳಿಸಕೂಡದು. ಹಿರಿಯ ಗುಮಾಸ್ತರ ಪ್ರಕಾರ ಕಸ ಗುಡಿಸದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ. ಇಬ್ಬರೂ ಮೂವತ್ತು ವರ್ಷದಿಂದ ಒಬ್ಬರನ್ನೊಬ್ಬರು ಬಲ್ಲವರು, ಆದ್ದರಿಂದ ಜೋರು ಮಾತಿಲ್ಲ, ಮೌನ ಮಾತ್ರ. ಕೊನೆಗೆ ದಾರಿ ತೋರಿಸಿದವರು ಗುಮಾಸ್ತರೇ. "ಲೆಡ್ಜರಿನಲ್ಲಿ ತಪ್ಪು ಬರೆದರೆ ಏನು ಮಾಡುತ್ತೇವೆ? ಗೀಟು ಹಾಕಿ ಸಹಿ ಮಾಡುತ್ತೇವೆ. ಹಾಳೆ ಹರಿಯುತ್ತೇವೆಯೇ?" ಟಿ ಗೀಟು, ಇ ಹಾಳೆ ಹರಿಯುವುದು. ಟಿ ಅವರಿಗೆ ಕೊಟ್ಟೆ. ಇ ಯಾರಿಗೂ ಕೊಡದೆ ನನ್ನ ಬಳಿ ಇಟ್ಟುಕೊಂಡು, ಪ್ರತಿ ತಿಂಗಳ ಕೊನೆಯ ಶನಿವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡಿಸುತ್ತೇನೆ. ಅವರ ಔಟ್‌ಲುಕ್‌ನಲ್ಲಿ ಆ ಗುರುತು ಬಿದ್ದ ಪತ್ರದ ಮೇಲೆ ನಿಜವಾಗಿಯೂ ಅಡ್ಡಗೀಟು ಎಳೆದಂತೆ ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದಾಗ ಅವರ ಮುಖದಲ್ಲಿ ಅರಳಿದ ಸಂತೋಷವನ್ನು ನಾನು ಯಾವ ಸಾಫ್ಟ್‌ವೇರ್ ಮಾರುವವರ ಮುಖದಲ್ಲೂ ಕಂಡಿಲ್ಲ.

ಆ ಹಕ್ಕಿಲ್ಲದವರ ಕಥೆ ಬೇರೆ. ಮಾರಾಟದ ಹುಡುಗ ಮೊಬೈಲ್‌ನಲ್ಲಿ ಪತ್ರವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಅಳಿಸುವ ಅಭ್ಯಾಸದವನು. ಅವನಿಗೆ ಟಿ ಇಲ್ಲ, ಇ ಇಲ್ಲ. ಮೊಬೈಲ್ ಮೊದಲು ಪತ್ರದ ನಕಲನ್ನು ಅವನ ಸ್ವಂತ ಕಸದಬುಟ್ಟಿಗೆ ಹಾಕುತ್ತದೆ, ಆಮೇಲೆ ಮೂಲವನ್ನು ಅಳಿಸಲು ಹೋಗಿ ಮುಗ್ಗರಿಸುತ್ತದೆ. ಮೂಲ ಅಲ್ಲೇ ಉಳಿಯುತ್ತದೆ, ಅವನು ಮತ್ತೆ ತಳ್ಳುತ್ತಾನೆ. ಒಂದೇ ಪತ್ರದ ಹದಿನಾಲ್ಕು ನಕಲು ಅವನ ಬುಟ್ಟಿಯಲ್ಲಿ ಸಿಕ್ಕಾಗ ಅವನು, "ಸಾರ್, ಇದು ದೆವ್ವದ ಪತ್ರ" ಎಂದ.

ಹಕ್ಕುಗಳನ್ನು ಹೆಸರಿಗೆ ಕೊಡುವುದಕ್ಕಿಂತ ಗುಂಪಿಗೆ ಕೊಡುವುದು ವಾಸಿ ಎಂದು ತಿಳಿದದ್ದು ಎರಡನೆಯ ತಿಂಗಳಲ್ಲಿ. ಡಿಸ್‌ಪ್ಯಾಚ್ ಗುಂಪು, ಮಾರಾಟದ ಗುಂಪು, ಲೆಕ್ಕದ ಗುಂಪು. ಯಾರು ಯಾವ ಗುಂಪು ಎಂಬುದು ಬಳಕೆದಾರರ ಪಟ್ಟಿಯಲ್ಲಿ ಒಂದು ಪದ. ಹೊಸಬರು ಬಂದರೆ ಆ ಒಂದು ಪದ ಸೇರಿಸಿದರೆ ಸಾಕು. ಮೊದಲೇ ಹೀಗೆ ಮಾಡಿದ್ದರೆ ಯಜಮಾನರ ರಬ್ಬರ್ ಉಳಿಯುತ್ತಿತ್ತು.

ಇನ್ನೊಂದು ಎಡವಟ್ಟು ಹೇಳಲೇಬೇಕು, ಏಕೆಂದರೆ ಯಾರಾದರೂ ಇದೇ ಕೆಲಸಕ್ಕೆ ಕೈಹಾಕಿದ್ದರೆ ಅವರೂ ಇಲ್ಲಿ ಬೀಳುತ್ತಾರೆ. ಡಿಸ್‌ಪ್ಯಾಚ್ ಒಳಗೆ ಸೀಸನ್ನಿಗೊಂದು ಮರಿ ಫೋಲ್ಡರ್ ಮಾಡಿದ್ದೆವು. ಗೋದಾಮಿನ ಮೇಲ್ವಿಚಾರಕರಿಗೂ ತೋರಿಸಿ ಎಂದು ಆಮೇಲೆ ಹೇಳಿದರು. ತಾಯಿ ಫೋಲ್ಡರಿಗೆ ಹಕ್ಕು ಸೇರಿಸಿದೆ. ಅವರು ಬಂದು, "ಬಾಗಿಲು ತೆಗೆದಿದೆ, ಒಳಗೆ ಸಾಮಾನೇ ಇಲ್ಲವಲ್ಲ" ಎಂದರು. ಡವ್‌ಕಾಟ್‌ನಲ್ಲಿ ಮರಿ ಫೋಲ್ಡರ್ ಹುಟ್ಟುವ ಗಳಿಗೆಯಲ್ಲಿ ತಾಯಿಯ ಹಕ್ಕುಪಟ್ಟಿಯ ನಕಲು ಪಡೆಯುತ್ತದೆ, ಅಷ್ಟೆ. ಆಮೇಲೆ ತಾಯಿಯದು ಬದಲಾದರೆ ಮರಿಗೆ ಗೊತ್ತೇ ಆಗುವುದಿಲ್ಲ. ವಂಶಪಾರಂಪರ್ಯ ಎಂದುಕೊಂಡಿದ್ದೆ, ಜೆರಾಕ್ಸ್ ಆಗಿತ್ತು. ಒಂದೊಂದು ಮರಿಗೂ ಹೋಗಿ ತಿದ್ದಿದೆ. ಆಮೇಲೆ ಬೇಸತ್ತು, ಎಲ್ಲ ಫೋಲ್ಡರುಗಳ ಹಕ್ಕನ್ನೂ ಒಂದೇ ಕಡೆ ನಕ್ಷತ್ರ ಚಿಹ್ನೆ ಬಳಸಿ ಬರೆಯಬಹುದಾದ ಕೇಂದ್ರ ಕಡತಕ್ಕೆ ಬದಲಾಯಿಸಿಕೊಂಡೆ. ಈಗ ಆ ಕಡತ ಇಪ್ಪತ್ತು ಸಾಲು ಇದೆ, ಮುದ್ರಿಸಿ ಗೋಡೆಗೆ ಅಂಟಿಸಿದ್ದೇನೆ.

ಇಷ್ಟು ಮಾಡಿ ಒಂಬತ್ತು ಮೇಜುಗಳಿಗೆ ಹೋದೆ. ಫೋಲ್ಡರ್ ಇರುವುದು ಬೇರೆ, ಅದಕ್ಕೆ ಚಂದಾದಾರರಾಗುವುದು ಬೇರೆ. ಪ್ರತಿಯೊಬ್ಬರ ತಂತ್ರಾಂಶದಲ್ಲೂ ಚಂದಾ ಪಟ್ಟಿ ತೆರೆದು, ಫೋಲ್ಡರಿನ ಪಕ್ಕದ ಚೌಕಕ್ಕೆ ಗುರುತು ಹಾಕಬೇಕು. ಪ್ರತಿ ಮೇಜಿನಲ್ಲೂ ಅದೇ ಪ್ರಶ್ನೆ: "ಚಂದಾ ಎಂದರೆ ದುಡ್ಡು ಕಟ್ಟಬೇಕಾ?" ಆರನೆಯ ಮೇಜಿನ ಹೊತ್ತಿಗೆ, ಹೌದು, ತಿಂಗಳಿಗೆ ನೂರು ರೂಪಾಯಿ, ನನ್ನ ಕೈಗೆ ಕೊಡಿ ಎನ್ನತೊಡಗಿದ್ದೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಈ ಏಳು ವಾರಗಳಲ್ಲಿ ಅತಿ ಹೆಚ್ಚು ನಿದ್ದೆ ಕೆಡಿಸಿದ್ದು ಹಕ್ಕೂ ಅಲ್ಲ, ಅಳಿಸುವುದೂ ಅಲ್ಲ. ದಪ್ಪ ಅಕ್ಷರ.

ಓದದ ಪತ್ರ ದಪ್ಪಗೆ ಕಾಣುತ್ತದೆ, ಓದಿದರೆ ತೆಳ್ಳಗಾಗುತ್ತದೆ. ಇದು ಎಷ್ಟು ಅಭ್ಯಾಸವಾಗಿದೆ ಎಂದರೆ ಅದೊಂದು ಗುರುತು, ಎಲ್ಲೋ ದಾಖಲಾಗಿರುತ್ತದೆ ಎಂಬುದೇ ನಮಗೆ ಮರೆತಿರುತ್ತದೆ. ಸಾರ್ವಜನಿಕ ಫೋಲ್ಡರಿನಲ್ಲಿ ಪತ್ರ ಒಂದೇ ಪ್ರತಿ, ಆದ್ದರಿಂದ ಆ ಗುರುತೂ ಒಂದೇ. ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಬರುವವರು ಗೋದಾಮಿನ ಮೇಲ್ವಿಚಾರಕರು. ಬಂದವರೇ ಕುತೂಹಲಕ್ಕೆ ಎಲ್ಲ ಪತ್ರಗಳನ್ನೂ ಒಂದು ಸುತ್ತು ತೆರೆದು ನೋಡುತ್ತಿದ್ದರು. ಒಂಬತ್ತೂವರೆಗೆ ಅಕ್ಕ ಬಂದು ನೋಡಿದರೆ ಎಲ್ಲವೂ ತೆಳ್ಳಗೆ. ಹೊಸದೇನೂ ಇಲ್ಲ ಎಂದು ಅವರು ಪರ್ಮಿಟ್ ಅರ್ಜಿ ತುಂಬಲು ಕೂತುಬಿಡುತ್ತಿದ್ದರು. ಎರಡನೆಯ ಹಡಗೂ ತಪ್ಪುವುದಿತ್ತು. ಮಧ್ಯಾಹ್ನ ಊಟದ ಡಬ್ಬಿ ತೆಗೆಯುತ್ತ ಮೇಲ್ವಿಚಾರಕರು, "ಕಂಟೇನರ್ ನಾಳೆಯಂತಲ್ಲ?" ಎಂದು ಸುಮ್ಮನೆ ಕೇಳಿದ್ದರಿಂದ ಉಳಿಯಿತು.

ಇದಕ್ಕೆ ಮದ್ದಿದೆ. ನೇಮ್‌ಸ್ಪೇಸಿನ ಸಾಲಿಗೆ ಖಾಸಗಿ ಸೂಚಿ ಎಂಬರ್ಥದ ಒಂದು ಪದ ಸೇರಿಸಿದರೆ ಡವ್‌ಕಾಟ್ ಓದಿದ ಗುರುತನ್ನು ಮಾತ್ರ ಪ್ರತಿಯೊಬ್ಬರ ಸ್ವಂತ ಪೆಟ್ಟಿಗೆಯಲ್ಲಿ ಬೇರೆಬೇರೆಯಾಗಿ ಇಡುತ್ತದೆ. ಸೇರಿಸಿದೆ. ಅಕ್ಕನಿಗೆ ಅವರ ದಪ್ಪ ಅಕ್ಷರ ಮರಳಿ ಸಿಕ್ಕಿತು. ಆ ದಿನ ನನಗೂ ಒಂದು ಡಬ್ಬಿ ಚಕ್ಕುಲಿ ಸಿಕ್ಕಿತು.

ಚಕ್ಕುಲಿ ಮುಗಿಯುವುದರೊಳಗೆ ಯಜಮಾನರ ಕರೆ. ಅವರ ಪರದೆಯಲ್ಲಿ ಮುನ್ನೂರು ಪತ್ರ ದಪ್ಪಗೆ ನಿಂತಿವೆ. "ಇಷ್ಟೂ ಪತ್ರ ಯಾರೂ ನೋಡಿಲ್ಲವೇನಯ್ಯಾ?" ನೀವು ನೋಡಿಲ್ಲ ಸಾರ್, ಉಳಿದವರು ನೋಡಿದ್ದಾರೆ ಎಂದರೆ ಅವರಿಗೆ ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಒಪ್ಪಿಗೆಯಾಗಲಿಲ್ಲ. ಅವರಿಗೆ ಬೇಕಾದದ್ದು ಯಾರು ಓದಿದರು ಎಂಬುದಲ್ಲ, ಯಾರಾದರೂ ಹಿಡಿದರೇ ಎಂಬುದು. ಇಡೀ ಕಚೇರಿ ಇಷ್ಟು ವರ್ಷ ದಪ್ಪ ಅಕ್ಷರವನ್ನು ಎರಡು ಅರ್ಥಕ್ಕೆ ಬಳಸುತ್ತಿತ್ತು: ನನಗೆ ಹೊಸದು ಎಂಬುದಕ್ಕೂ, ಕೆಲಸ ಬಾಕಿ ಎಂಬುದಕ್ಕೂ. ಒಬ್ಬರೇ ನೋಡುವ ಪೆಟ್ಟಿಗೆಯಲ್ಲಿ ಎರಡೂ ಒಂದೇ. ಹಂಚಿದ ಕೂಡಲೇ ಅವು ಬೇರೆಯಾದವು.

ಅದೃಷ್ಟಕ್ಕೆ, ಓದಿದ ಗುರುತೊಂದು ಖಾಸಗಿಯಾದರೂ ಉಳಿದ ಗುರುತುಗಳು ಎಲ್ಲರಿಗೂ ಸಾಮಾನ್ಯವಾಗಿಯೇ ಉಳಿಯುತ್ತವೆ. ನಕ್ಷತ್ರ, ಮತ್ತು ಉತ್ತರ ಬರೆದಾಗ ಪತ್ರದ ಪಕ್ಕ ಬೀಳುವ ಬಾಗಿದ ಬಾಣ. ಒಂದು ನಿಯಮ ಮಾಡಿದೆವು: ಪತ್ರ ಹಿಡಿದವರು ನಕ್ಷತ್ರ ಹಾಕಬೇಕು, ಉತ್ತರ ಹೋದ ಮೇಲೆ ಬಾಣ ತಾನಾಗಿ ಬೀಳುತ್ತದೆ. ನಕ್ಷತ್ರವಿದ್ದು ಬಾಣವಿಲ್ಲದ್ದು ಬಾಕಿ. ಎರಡೂ ಇಲ್ಲದ್ದು ಅನಾಥ. ಯಜಮಾನರು ಸಂಜೆ ಅನಾಥ ಪತ್ರಗಳನ್ನು ಮಾತ್ರ ನೋಡಿದರೆ ಸಾಕು.

ಮೊದಲ ವಾರ ಮಾರಾಟದ ಹುಡುಗನ ಪತ್ರಗಳೆಲ್ಲ ಅನಾಥವಾಗಿದ್ದವು. ಉತ್ತರ ಬರೆದಿದ್ದೇನೆ ಎಂದು ಅವನು ಆಣೆ ಮಾಡಿದ, ಕಳಿಸಿದ ಪತ್ರ ತೆಗೆದು ತೋರಿಸಿದ. ಬಾಣ ಮಾತ್ರ ಇಲ್ಲ. ಗೋಡೆಯ ಹಾಳೆ ನೋಡಿದೆ. ಅವನ ಗುಂಪಿಗೆ ಎಲ್, ಆರ್, ಎಸ್. ಡಬ್ಲ್ಯೂ ಇಲ್ಲ. ಓದುವ ಹಕ್ಕು ಕೊಟ್ಟು, ಓದಿದ ಗುರುತಿನ ಹಕ್ಕೂ ಕೊಟ್ಟು, ಬಾಣ ಬಿಡುವ ಹಕ್ಕು ಕೊಡಲು ಮರೆತಿದ್ದೆ. ಅವನ ಯಂತ್ರ ಬಾಣ ಎಸೆಯುತ್ತಿತ್ತು, ಸರ್ವರ್ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಅಕ್ಷರಕ್ಕಾಗಿ ಆ ಹುಡುಗ ಯಜಮಾನರಿಂದ ಒಂದು ವಾರ ಮಾತು ಕೇಳಿದ್ದ. ಅವನ ಹತ್ತಿರ ಕ್ಷಮೆ ಕೇಳಿದೆ. ಜೊತೆಗೆ ಐ ಕೂಡ ಸೇರಿಸಿದೆ, ಏಕೆಂದರೆ ಥಂಡರ್‌ಬರ್ಡ್‌ನಲ್ಲಿ ಉತ್ತರದ ಪ್ರತಿಯನ್ನು ಮೂಲ ಪತ್ರ ಇರುವ ಫೋಲ್ಡರಿನಲ್ಲೇ ಇಡುವ ಆಯ್ಕೆ ಇದೆ. ಅದನ್ನು ಎಲ್ಲರಿಗೂ ಹಾಕಿಕೊಟ್ಟ ಮೇಲೆ ಯಾರು ಏನು ಬರೆದರು ಎಂಬುದು ಪ್ರಶ್ನೆಯ ಕೆಳಗೇ ಕಾಣುತ್ತದೆ, ಒಂದೇ ಗ್ರೇಡಿಗೆ ಎರಡು ದರ ಹೋಗುವುದಿಲ್ಲ.

ಕನ್ನಡದ ವಿಷಯ ಒಂದಿದೆ. ತೋಟಗಳಿಂದ ಬರುವ ಪತ್ರಗಳಿಗೆ ಪ್ಲಾಂಟರ್ಸ್ ಎಂದು ಇಂಗ್ಲಿಷಿನಲ್ಲಿ ಫೋಲ್ಡರ್ ಮಾಡಿದ್ದೆ. ಹಿರಿಯ ಗುಮಾಸ್ತರು ಅದನ್ನು ತೋಟದವರು ಎಂದು ಕನ್ನಡದಲ್ಲಿ ಬರೆ ಎಂದರು. ಬರೆದೆ, ಎಲ್ಲರ ಪರದೆಯಲ್ಲೂ ಚೆಂದವಾಗಿ ಬಂತು. ಆದರೆ ಸರ್ವರ್‌ನ ಡಿಸ್ಕಿನಲ್ಲಿ ನೋಡಿದರೆ ಅಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಐಮ್ಯಾಪ್ 1980ರ ದಶಕದ ಮಗು. ಇಂಗ್ಲಿಷೇತರ ಹೆಸರುಗಳಿಗೆ ಅದು ಮಾಡಿಕೊಂಡ ಒಂದು ಹಳೆಯ ಗುಪ್ತಲಿಪಿಯನ್ನು ನಮ್ಮ ಡವ್‌ಕಾಟ್ 2.3 ಡಿಸ್ಕಿನ ಮೇಲೂ ಬಳಸುತ್ತದೆ. ಆಂಪರ್‌ಸ್ಯಾಂಡ್ (&) ಚಿಹ್ನೆಯಿಂದ ಶುರು, ಕಿರುಗೆರೆಯಿಂದ ಕೊನೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡ ಅಕ್ಷರಗಳೆಲ್ಲ ಒಂದೇ ಓಣಿಯಲ್ಲಿ ವಾಸಿಸುವುದರಿಂದ, ಯಾವ ಕನ್ನಡ ಹೆಸರಾದರೂ ಆ ಲಿಪಿಯಲ್ಲಿ ಆಂಪರ್‌ಸ್ಯಾಂಡ್, ಅದರ ಬೆನ್ನಿಗೆ ದೊಡ್ಡ ಡಿ ಎಂದೇ ಶುರುವಾಗುತ್ತದೆ. ಇದು ಗೊತ್ತಿಲ್ಲದೆ ಆ ಫೋಲ್ಡರಿನ ಗಾತ್ರ ಅಳೆಯಲು ಹೆಸರನ್ನು ಹಾಗೆಯೇ ಟೈಪ್ ಮಾಡಿದೆ. ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಲಿನಕ್ಸಿನ ಶೆಲ್‌ಗೆ ಆಂಪರ್‌ಸ್ಯಾಂಡ್ ಎಂದರೆ ಇಲ್ಲಿಯವರೆಗಿನ ಕೆಲಸ ಹಿನ್ನೆಲೆಯಲ್ಲಿ ನಡೆಯಲಿ ಎಂಬ ಅಪ್ಪಣೆ. ಅದು ಆಜ್ಞೆಯನ್ನು ಎರಡಾಗಿ ಕಡಿದು, ಮೊದಲರ್ಧವನ್ನು ಹಿಂದಕ್ಕೆ ತಳ್ಳಿ, ತೋಟದವರನ್ನು ಒಂದು ಹೊಸ ಆಜ್ಞೆ ಎಂದುಕೊಂಡು, ಅಂಥ ಆಜ್ಞೆ ಇಲ್ಲವೆಂದು ಹೇಳಿತು. ಹೆಸರಿನ ಸುತ್ತ ಉದ್ಧರಣ ಚಿಹ್ನೆ ಹಾಕಿದರೆ ಸರಿಹೋಗುತ್ತದೆ. ಈಗ ಬೆರಳಿಗೆ ಅಭ್ಯಾಸವಾಗಿದೆ.

ಯಜಮಾನರ ಪೆಟ್ಟಿಗೆಯ ಒಂದು ಫೋಲ್ಡರನ್ನು ಅವರ ಸಹಾಯಕಿಗೆ ತೋರಿಸಲು ಬೀರುವಿನ ಹಂಚಿಕೆಯನ್ನೂ ಕೊನೆಗೆ ಮಾಡಿದೆ. ಹಕ್ಕು ಕೊಟ್ಟರೂ ಆಕೆಗೆ ಫೋಲ್ಡರ್ ಕಾಣಲಿಲ್ಲ. ಯಾರು ಯಾರಿಗೆ ಹಂಚಿದ್ದಾರೆ ಎಂದು ಬರೆದಿಡುವ ಒಂದು ಪಟ್ಟಿ ಕಡತವನ್ನು ಡವ್‌ಕಾಟ್‌ಗೆ ಪ್ರತ್ಯೇಕವಾಗಿ ಕೊಡಬೇಕು, ಇಲ್ಲವಾದರೆ ಬೀಗದ ಕೈ ಕೈಯಲ್ಲಿದ್ದರೂ ಬೀರು ಯಾವ ಕೋಣೆಯಲ್ಲಿದೆ ಎಂದು ಗೊತ್ತಾಗುವುದಿಲ್ಲ. ಆ ಕಡತವನ್ನೂ ರೂಟ್ ಕುರ್ಚಿಯಲ್ಲಿ ಕೂತೇ ಸೃಷ್ಟಿಸಿದ್ದೆ. ಲಾಗ್ ಮತ್ತೆ 5000ದ ದೂರು ಬರೆಯಿತು. ಈ ಸಲ ಓದುವ ಮೊದಲೇ ನಗು ಬಂತು.

ಮುಂದಿನ ಸೀಸನ್ನಿನಲ್ಲಿ ಅಕ್ಕ ಮತ್ತೆ ರಜೆ ಹಾಕಿದರು, ಈ ಸಲ ತಂಗಿಯ ಸೀಮಂತ. ಮೂರು ದಿನವೂ ಡಿಸ್‌ಪ್ಯಾಚ್ ಫೋಲ್ಡರಿನಲ್ಲಿ ಸಂಜೆ ಐದಕ್ಕೆ ಅನಾಥ ಪತ್ರ ಇರಲಿಲ್ಲ. ಅಕ್ಕ ಅರಸೀಕೆರೆಯಿಂದಲೇ ಮೊಬೈಲ್‌ನಲ್ಲಿ ನೋಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ಎರಡು ನಕ್ಷತ್ರ ಅವರದೇ.

ಹಿರಿಯ ಗುಮಾಸ್ತರು ಹೋದ ತಿಂಗಳು ನನ್ನ ಮೇಜಿನ ಹತ್ತಿರ ಬಂದು, ಸುತ್ತ ಒಮ್ಮೆ ನೋಡಿ, "ನನಗೊಬ್ಬನಿಗೇ ಕಾಣುವ ಹಾಗೆ ಒಂದು ಫೋಲ್ಡರ್ ಆಗುತ್ತದೇನಪ್ಪ?" ಎಂದು ಕೇಳಿದರು. ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು ಎಂದೆ. "ಅಲ್ಲಿ ಬೇಡ, ಈ ಎಲ್ಲರ ರ‍್ಯಾಕ್‌ನಲ್ಲೇ ಬೇಕು." ಏಕೆ ಎಂದು ಕೇಳಲಿಲ್ಲ. ಗೋಡೆಯ ಕಡತಕ್ಕೆ ಇಪ್ಪತ್ತೊಂದನೆಯ ಸಾಲು ಸೇರಿಸಿದೆ: ಅವರ ಒಬ್ಬರ ಹೆಸರು, ಮುಂದೆ ಹನ್ನೊಂದೂ ಅಕ್ಷರ, ಇ ಕೂಡ. ಫೋಲ್ಡರಿನ ಹೆಸರು ಅವರೇ ಕನ್ನಡದಲ್ಲಿ ಟೈಪ್ ಮಾಡಿದರು, ನಾನು ಆಚೆ ಮುಖ ಮಾಡಿದ್ದೆ. ರಾತ್ರಿಯ ಬ್ಯಾಕಪ್ ಪಟ್ಟಿಯಲ್ಲಿ ಅದು ಆಂಪರ್‌ಸ್ಯಾಂಡ್ ಮತ್ತು ಡಿಯಿಂದ ಶುರುವಾಗುವ ಒಂದು ಸಾಲಾಗಿ ಕಾಣುತ್ತದೆ. ಬಿಡಿಸಿ ಓದುವುದು ಕಷ್ಟವೇನಲ್ಲ, ಓದಿಲ್ಲ. ಗಾತ್ರ ಮಾತ್ರ ವಾರಕ್ಕೊಮ್ಮೆ ಕೊಂಚ ಬೆಳೆದಿರುತ್ತದೆ.